ಮನೋವೈದ್ಯರ ಮೊದಲ ಭೇಟಿ: ಪೂರ್ವಸಿದ್ಧತೆಯ ವಿಚಾರ

ಸಕ್ಕರೆ ಕಾಯಿಲೆಯನ್ನು ಒಂದು ತೊಟ್ಟು ರಕ್ತ ಹೇಳಿಕೊಡುತ್ತದೆ. ಮುರಿದ ಎಲುಬನ್ನು ಕ್ಷ-ಕಿರಣದ ಚಿತ್ರ ತೋರಿಸಿಕೊಡುತ್ತದೆ. ಖಿನ್ನತೆಯನ್ನಾಗಲಿ, ಉದ್ವೇಗದ ವ್ಯಾಧಿಯನ್ನಾಗಲಿ, ಸ್ಕಿಜೋಫ್ರೀನಿಯವನ್ನಾಗಲಿ ಇದೇ ಎಂದು ನಿಶ್ಚಯಿಸಿ ಹೇಳಬಲ್ಲ ಅಂತಹ ಪರೀಕ್ಷೆಯೊಂದು ವೈದ್ಯಶಾಸ್ತ್ರಕ್ಕೆ ಇಂದಿಗೂ ದೊರೆತಿಲ್ಲ. ವ್ಯಾಧಿಯು ಯಾವಾಗ ತಲೆದೋರಿತು, ಹೇಗೆ ಬೆಳೆಯಿತು, ನಡುವೆ ತಗ್ಗಿತೆ, ನಿದ್ರಾಹಾರಗಳನ್ನೂ ದುಡಿಮೆಯನ್ನೂ ನಂಟರೊಡನೆಯ ಬಳಕೆಯನ್ನೂ ಎಷ್ಟರಮಟ್ಟಿಗೆ ಕೆಡಿಸಿತು ಎಂಬ ವೃತ್ತಾಂತವೇ ಮನೋವೈದ್ಯರಿಗೆ ಮುಖ್ಯ ಸಾಕ್ಷ್ಯ. ಆ ಸಾಕ್ಷ್ಯವಿರುವುದು ರೋಗಿಯ ಮನೆಯಲ್ಲಿ. ಆದುದರಿಂದ ಮೊದಲ ಭೇಟಿಗೆ ಮುನ್ನ ಅದನ್ನು ಒಪ್ಪವಾಗಿ ಅಣಿಮಾಡಿಕೊಂಡವರು ರೋಗನಿರ್ಣಯದ ಬಹುಭಾಗವನ್ನು ಮನೆಯಲ್ಲಿಯೇ ನೆರವೇರಿಸಿದಂತಾಗುತ್ತದೆ.

ಹಿಂದೂಪುರ, ಕಲ್ಯಾಣದುರ್ಗಗಳಂತಹ ಗಡಿಸೀಮೆಯ ಊರುಗಳವರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಮನೆಯೊಳಗೆ ಕನ್ನಡವನ್ನೂ ಸಂತೆ ಕಚೇರಿಗಳಲ್ಲಿ ತೆಲುಗನ್ನೂ ಆಡುವ ಇಲ್ಲಿನ ಕುಟುಂಬಗಳು ಚಿಕಿತ್ಸೆಗಾಗಿ ದೂರ ಪ್ರಯಾಣ ಮಾಡಬೇಕಾಗುವುದುಂಟು: ಹಿಂದೂಪುರದವರು ಗೌರಿಬಿದನೂರಿನ ಮಾರ್ಗವಾಗಿ ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ, ಕಲ್ಯಾಣದುರ್ಗದವರು ಅನಂತಪುರಕ್ಕೋ, ರಾಯದುರ್ಗದ ಮೇಲೆ ಬಳ್ಳಾರಿಗೋ. ಒಂದು ದಿನದ ಕೂಲಿಯನ್ನು ಬಿಟ್ಟು, ಸಾಲ ಮಾಡಿ, ನಸುಕಿನಲ್ಲೆದ್ದು ಹೊರಟು ಬಂದವರಿಗೆ, ಕಡೆಗೆ ವೈದ್ಯರ ಮುಂದೆ ಕುಳಿತಾಗ ಹೇಳಬೇಕಾದುದೇ ನೆನಪಿಗೆ ಬಾರದೆ ಹೋದರೆ, ಆದ ನಷ್ಟವು ಅಲ್ಪವಲ್ಲ.

ಬೆಂಗಳೂರಿನಲ್ಲಿ ಮನೋರೋಗಿಗಳಿಗೊಂದು ಆಶ್ರಯಸ್ಥಾನವು 1847ರಷ್ಟು ಹಿಂದೆಯೇ ಇದ್ದಿತು. ಅದೇ ಬೆಳೆದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. ಅದರ ಮಗ್ಗುಲಲ್ಲಿ 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು; ಎರಡೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಎನಿಸಿದುವು. ಅಲ್ಲಿನ ತಜ್ಞರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗಗಳನ್ನು ಗುರುತಿಸಿ ಔಷಧ ಕೊಡುವ ಕಾರ್ಯವು ಹಳ್ಳಿಯ ಸಮೀಪದಲ್ಲಿಯೇ ನಡೆಯಬಲ್ಲುದೆಂದು ತೋರಿಸಿಕೊಟ್ಟರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಪ್ರಯೋಗವೇ ಮಾದರಿ. ದುಬಾರಿ ಯಂತ್ರಗಳಿಲ್ಲದ ಆ ಕೇಂದ್ರಗಳಲ್ಲಿ ವೈದ್ಯರ ಕೈಯಲ್ಲಿದ್ದ ಸಾಧನವೆಂದರೆ ಕ್ರಮವಾಗಿ ಕೇಳಿದ ಪ್ರಶ್ನೆಗಳೂ, ಮನೆಯವರು ಕೊಟ್ಟ ಉತ್ತರಗಳೂ ಆಗಿದ್ದುವು.

ಆ ಉತ್ತರಗಳನ್ನು ನೆನಪಿಗೆ ಬಿಡದೆ ಬರೆದುಕೊಂಡು ಹೋಗಬೇಕೆಂಬುದಕ್ಕೆ ಕಾರಣ ರೋಗದ ಸ್ವಭಾವದಲ್ಲಿಯೇ ಇದೆ. ಖಿನ್ನವಾದ ಮನಸ್ಸು ಸುಖದ ದಿನಗಳಿಗಿಂತ ದುಃಖದ ದಿನಗಳನ್ನು ಬೇಗ ಸ್ಮರಿಸುತ್ತದೆ. ಇಂತಹ ದಿನ ಇಂತಹುದಾಯಿತೆಂದು ಹೇಳಲಾರದೆ ‘ಯಾವಾಗಲೂ ಹೀಗೆಯೇ’ ಎಂದುಬಿಡುತ್ತದೆ. ವೈದ್ಯರಿಗಾದರೋ ಕಾಲದ ಲೆಕ್ಕವೇ ಮುಖ್ಯ. ಬೇಸರವೂ ನಿರಾಸಕ್ತಿಯೂ ಕನಿಷ್ಠ ಎರಡು ವಾರ, ಹೆಚ್ಚುಕಡಮೆ ಪ್ರತಿದಿನವೂ ಇದ್ದುವೆ ಎಂಬುದನ್ನು ಅರಿಯದೆ ಅವರು ಖಿನ್ನತೆಯೆಂದು ನಿರ್ಣಯಿಸಲಾರರು. ಎಂದಾದರೂ ನಿದ್ದೆಯೇ ಬೇಡವೆಂಬಂತೆ ಅತಿಯಾದ ಹುರುಪು, ಮಿತಿಮೀರಿದ ಮಾತು, ಲೆಕ್ಕವಿಲ್ಲದ ಖರ್ಚು ಕಂಡಿದ್ದುಂಟೆ ಎಂಬುದನ್ನೂ ಅವರು ಕೇಳಿಯೇ ಕೇಳುತ್ತಾರೆ. ಏಕೆಂದರೆ ಬೈಪೋಲಾರ್ ವ್ಯಾಧಿಯುಳ್ಳವರಿಗೆ ಖಿನ್ನತೆಯ ಔಷಧವೊಂದನ್ನೇ ಕೊಟ್ಟರೆ ಅದು ಉನ್ಮಾದವನ್ನು ಕೆರಳಿಸುವ ಅಪಾಯವಿದೆ.

ತಾರೀಖು ನೆನಪಿಲ್ಲದಿದ್ದರೆ ಹಬ್ಬವನ್ನೂ ಬೆಳೆಯನ್ನೂ ಗುರುತಾಗಿಟ್ಟುಕೊಳ್ಳಬಹುದು. ಕಲ್ಯಾಣದುರ್ಗದ ಕಡೆಯ ಒಕ್ಕಲುಮನೆಯವರು ತರಬಹುದಾದ ಹಾಳೆಯೊಂದು ಹೀಗಿದ್ದೀತು: ‘ಉಗಾದಿಗೆ ಚೆನ್ನಾಗಿದ್ದಳು. ಕಡಲೆಕಾಯಿ ಬಿತ್ತುವ ಹೊತ್ತಿಗೆ ನಿದ್ದೆ ಕೆಟ್ಟಿತು. ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತದು. ಗೌರಿ ಹಬ್ಬಕ್ಕೆ ತವರಿಗೆ ಕರೆದರೆ ಒಲ್ಲೆ ಎಂದಳು. ದೀಪಾವಳಿಯಿಂದೀಚೆಗೆ ಒಲೆಯ ಮುಂದೆ ಕೂತವಳು ಹಾಗೆಯೇ ಕೂತಿರುತ್ತಾಳೆ. ರವಿಕೆಗಳೆಲ್ಲ ಸಡಿಲವಾಗಿವೆ.’ ಈ ಆರು ಸಾಲುಗಳಲ್ಲಿ ರೋಗದ ಆರಂಭಕಾಲವೂ, ನಸುಕಿಗೆ ಮೊದಲೇ ಎಚ್ಚರವಾಗುವ ಲಕ್ಷಣವೂ, ಇಷ್ಟವಾದುದರಲ್ಲಿ ಆಸಕ್ತಿ ಕಳೆದುದೂ, ನಿತ್ಯದ ಕೆಲಸ ಕುಂಠಿತವಾದುದೂ, ಮೈತೂಕ ಇಳಿದುದೂ ಅನುಭವಿ ವೈದ್ಯರಿಗೆ ಒಡನೆಯೇ ಗೋಚರವಾಗುತ್ತವೆ. ರೋಗದ ಹೆಸರನ್ನು ನಾವೇ ಊಹಿಸಿ ಹೇಳುವುದಕ್ಕಿಂತ, ಕಂಡದ್ದನ್ನು ಕಂಡಂತೆ ಹೇಳುವುದು ಎಷ್ಟೋ ಮೇಲು.

ದೇಹದ ಸಂಗತಿಗಳನ್ನೂ ಮರೆಯಲಾಗದು. ಥೈರಾಯ್ಡ್ ಗ್ರಂಥಿ ಮಂದವಾದರೆ ಖಿನ್ನತೆಯಂತೆಯೂ, ಅತಿಯಾಗಿ ಕೆಲಸಮಾಡಿದರೆ ಉದ್ವೇಗದಂತೆಯೂ ತೋರುವುದುಂಟು; ರಕ್ತಹೀನತೆ, ಬಿ-12 ಜೀವಸತ್ವದ ಕೊರತೆಗಳೂ ಬಳಲಿಕೆಯನ್ನು ತರುತ್ತವೆ. ಆದುದರಿಂದ ಹಳೆಯ ಚೀಟಿಗಳನ್ನೂ ರಕ್ತಪರೀಕ್ಷೆಯ ವರದಿಗಳನ್ನೂ ಒಂದು ಚೀಲಕ್ಕೆ ಹಾಕಿ, ಈಗ ನುಂಗುತ್ತಿರುವ ಬಿ.ಪಿ., ಸಕ್ಕರೆ, ನೋವಿನ ಮಾತ್ರೆಗಳನ್ನೂ ನಾಟಿ ಔಷಧಗಳನ್ನೂ ಅವುಗಳ ಪೊಟ್ಟಣಸಹಿತ ಒಯ್ಯಬೇಕು. ಕೆಲವು ನೋವಿನ ಮಾತ್ರೆಗಳು ಬೈಪೋಲಾರ್ ವ್ಯಾಧಿಗೆ ಕೊಡುವ ಲಿಥಿಯಮ್ಮಿನ ಮಟ್ಟವನ್ನು ರಕ್ತದಲ್ಲಿ ಅಪಾಯಕರವಾಗಿ ಏರಿಸಬಲ್ಲವು. ಕುಡಿತವಿದ್ದರೆ ಎಷ್ಟು, ಎಷ್ಟು ಕಾಲದಿಂದ ಎಂಬುದನ್ನು ಮುಚ್ಚದೆ ಹೇಳಬೇಕು. ಬಹುಕಾಲದ ಕುಡಿತವನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಅದನ್ನು ಮೊದಲೇ ತಿಳಿಸತಕ್ಕದ್ದು. ದೇವಸ್ಥಾನಕ್ಕೋ ದರ್ಗಾಕ್ಕೋ ಮಂತ್ರವಾದಿಯ ಬಳಿಗೋ ಹೋಗಿಬಂದಿದ್ದರೆ ಅದನ್ನು ಹೇಳಲು ಸಂಕೋಚ ಬೇಡ. ಅದೂ ವೃತ್ತಾಂತದ ಭಾಗವೇ.

ಜತೆಗೆ ಹೋಗುವವರು ರೋಗಿಯೊಡನೆ ಒಂದೇ ಸೂರಿನಡಿ ಬಾಳಿದವರಾಗಿರಲಿ. ರಾತ್ರಿ ನಿದ್ದೆ ಬಂದಿತೆ, ಒಬ್ಬರೇ ಮಾತಾಡಿಕೊಳ್ಳುವರೆ ಎಂಬುದನ್ನು ಅವರೇ ಬಲ್ಲರು. ಆದರೆ ರೋಗಿಗೆ ವೈದ್ಯರೊಡನೆ ಏಕಾಂತದಲ್ಲಿ ಮಾತಾಡುವ ಅವಕಾಶವೂ ಬೇಕು. ಸೊಸೆಯಾದವಳು ಅತ್ತೆಯ ಎದುರಿಗೆ ಹೇಳಲಾರದ ಮಾತುಗಳಿರುತ್ತವೆ. ಹೇಳಿದುದು ಗೋಪ್ಯವಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ರೋಗಿಗೆ ನೀಡಿದೆ. ಕನ್ನಡದಲ್ಲಿಯೇ ಹೇಳಿಕೊಳ್ಳುವುದು ಸುಲಭವಾದರೆ ಆರಂಭದಲ್ಲಿಯೇ ಹಾಗೆಂದು ತಿಳಿಸಿ, ‘ಎದೆ ದಡದಡ ಅನ್ನುತ್ತೆ, ತಲೆ ಭಾರ, ಮೈಯೆಲ್ಲ ಉರಿ’ ಎಂದು ಮನೆಯಲ್ಲಿ ಆಡುವಂತೆಯೇ ಆಡಬಹುದು. ಮನಸ್ಸಿನ ವ್ಯಥೆಯು ಮೈಯ ನೋವಾಗಿ ಹೊರಬೀಳುವುದನ್ನು ಮನೋವೈದ್ಯರು ನಿತ್ಯವೂ ಕಾಣುತ್ತಾರೆ.

ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಮೊದಲು ಕಿರಿಯ ವೈದ್ಯರೊಬ್ಬರು ಸವಿವರವಾಗಿ ವಿಚಾರಿಸಿ, ಬಳಿಕ ಹಿರಿಯರು ನೋಡುವ ಪದ್ಧತಿಯುಂಟು. ಹೇಳಿದುದನ್ನೇ ಮತ್ತೆ ಹೇಳಬೇಕಾದರೆ ಬೇಸರಿಸಬಾರದು. ‘ಇಂದು ಯಾವ ವಾರ?’, ‘ಯಾರೂ ಇಲ್ಲದಾಗ ದನಿ ಕೇಳಿಸುವುದೆ?’, ‘ಸಾಯಬೇಕೆನಿಸಿದ್ದುಂಟೆ?’ ಎಂಬ ಪ್ರಶ್ನೆಗಳು ಎಲ್ಲರನ್ನೂ ಕೇಳುವಂಥವು. ಸಾವಿನ ವಿಚಾರವನ್ನು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬಾಯಿಬಿಟ್ಟು ಹೇಳಿಕೊಂಡವರ ಭಾರ ಎಷ್ಟೋ ವೇಳೆ ಇಳಿಯುತ್ತದೆ. ಅಂತಹ ಯೋಚನೆ ಪ್ರಬಲವಾಗಿದ್ದರೆ ಗೊತ್ತಾದ ದಿನದವರೆಗೆ ಕಾಯದೆ, ರೋಗಿಯನ್ನು ಒಂಟಿಯಾಗಿ ಬಿಡದೆ, ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದ ಹೊರಹಾಕಿ, ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ವೈದ್ಯರ ಬಳಿಯಿಂದ ಹೊರಡುವ ಮುನ್ನ ನಾಲ್ಕು ವಿಷಯಗಳನ್ನು ಕೇಳಿ ಅದೇ ಹಾಳೆಯ ಬೆನ್ನಿಗೆ ಬರೆದುಕೊಳ್ಳತಕ್ಕದ್ದು: ಇದು ಯಾವ ವ್ಯಾಧಿಯೆಂದು ತೋರುತ್ತದೆ, ಔಷಧದಿಂದ ಆರಂಭದಲ್ಲಿ ಏನು ತೊಂದರೆಯಾಗಬಹುದು, ಗುಣ ಎಷ್ಟು ದಿನಕ್ಕೆ ಕಾಣುತ್ತದೆ, ಮತ್ತೆ ಎಂದು ಬರಬೇಕು. ಖಿನ್ನತೆಯ ಔಷಧಗಳು ಫಲ ಕೊಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳೇ ಬೇಕು. ವಾಕರಿಕೆ, ತಲೆನೋವುಗಳಂತಹ ಅನನುಕೂಲಗಳು ಮೊದಲ ವಾರದಲ್ಲಿಯೇ ತೋರಿ ಕ್ರಮೇಣ ಇಳಿಯುತ್ತವೆ. ಇದನ್ನರಿಯದವರು ಹತ್ತನೆಯ ದಿನಕ್ಕೇ ಮಾತ್ರೆಯನ್ನು ಬಿಟ್ಟು, ಔಷಧ ತಮಗೆ ಹಿಡಿಯಲಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಅರಿತವರು ವೈದ್ಯರು ಹೇಳಿದ ದಿನದವರೆಗೆ ಸೈರಿಸಿ, ನಿದ್ದೆ ಎಷ್ಟು ಬಂದಿತು, ಊಟ ಎಷ್ಟು ಸೇರಿತು ಎಂಬುದನ್ನು ಬರೆದಿಟ್ಟುಕೊಂಡು ಎರಡನೆಯ ಭೇಟಿಗೆ ಹೋಗುತ್ತಾರೆ. ಔಷಧದ ಪ್ರಮಾಣವನ್ನು ಹೆಚ್ಚಿಸಬೇಕೆ, ಬದಲಿಸಬೇಕೆ, ಹಾಗೆಯೇ ಮುಂದುವರಿಸಬೇಕೆ ಎಂಬುದನ್ನು ವೈದ್ಯರು ನಿರ್ಧರಿಸುವುದು ಆ ಬರೆಹದ ಆಧಾರದಿಂದಲೇ.