ಯಾರ ಪಟ್ಟಿಯಲ್ಲೂ ಇಲ್ಲದ ಮಕ್ಕಳು
(ಸಂತ ಜಾನ್ ಬೋಸ್ಕೊರವರ ಹಬ್ಬ – ಜನವರಿ 31)



ಪ್ರತಿ ವರ್ಷ ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ಬಡಮಕ್ಕಳ ಬಂಧು, ಯುವಜನರ ತಂದೆ ಹಾಗೂ ಗುರು ಎಂದು ನಾವು ಅವರನ್ನು ಕೊಂಡಾಡುತ್ತೇವೆ. ಅವರ ಪಟಕ್ಕೆ ಹೂಮಾಲೆ ಹಾಕುತ್ತೇವೆ, ಮಕ್ಕಳಿಗೆ ಸಿಹಿ ಹಂಚುತ್ತೇವೆ, ಆಟೋಟ ಸ್ಪರ್ಧೆಗಳನ್ನು ನಡೆಸುತ್ತೇವೆ. ಇದೆಲ್ಲ ಒಳ್ಳೆಯದೇ. ಆದರೆ ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಈ ಹಬ್ಬ ಬರುವ ಹೊತ್ತಿಗೆ ಹೊಲಗಳಲ್ಲಿ ಕಬ್ಬಿನ ಕಟಾವು ಭರದಿಂದ ಸಾಗಿರುತ್ತದೆ. ಹಬ್ಬದ ಅರ್ಥವನ್ನು ತಿಳಿಯಲು ಆ ಹೊಲಗಳ ಕಡೆಗೇ ಒಮ್ಮೆ ನೋಡೋಣ.

ಕರೋಶಿಯಂತಹ ಊರಿನ ರಸ್ತೆ ಬದಿ ಒಂದು ಗಳಿಗೆ ನಿಂತರೆ ಸಾಕು, ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ಚಕ್ಕಡಿಗಳೂ ಕಾರ್ಖಾನೆಯ ದಾರಿ ಹಿಡಿದಿರುವುದನ್ನು ಕಾಣುತ್ತೇವೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳು, 1939ರಲ್ಲಿ ಸ್ಥಾಪನೆಯಾದ ಉಗಾರದ ಕಾರ್ಖಾನೆ – ಇವೆಲ್ಲ ಈ ಭಾಗದ ರೈತರ ಬದುಕಿಗೆ ಆಧಾರವಾಗಿವೆ. ಆದರೆ ಆ ಕಬ್ಬನ್ನು ಕಡಿಯುವ ಕೈಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವು. ಮಹಾರಾಷ್ಟ್ರದ ಬೀಡ್ ಮೊದಲಾದ ಮಳೆ ಕಡಿಮೆಯ ಜಿಲ್ಲೆಗಳಿಂದಲೂ ನಮ್ಮ ರಾಜ್ಯದ ಒಣಭೂಮಿಯ ತಾಲ್ಲೂಕುಗಳಿಂದಲೂ ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲಿ ಬಂದಿಳಿಯುತ್ತವೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’ ಎಂದು ಲೆಕ್ಕ. ಮುಕಾದಮನಿಂದ ಮೊದಲೇ ಪಡೆದ ಮುಂಗಡ ತೀರುವವರೆಗೆ ದುಡಿಮೆ. ಹೊಲದ ಬದಿಯಲ್ಲೋ ಬಯಲಿನಲ್ಲೋ ತಾಡಪತ್ರೆಯ ಜೋಪಡಿ. ಬೆಳಕು ಹರಿಯುವ ಮೊದಲೇ ತಂದೆತಾಯಿ ಹೊಲಕ್ಕೆ ಹೊರಟರೆ, ಜೋಪಡಿಯಲ್ಲಿ ಉಳಿಯುವುದು ಕೈಗೂಸು ಮತ್ತು ಅದನ್ನು ನೋಡಿಕೊಳ್ಳುವ ಎಂಟೋ ಹತ್ತೋ ವರ್ಷದ ಅಕ್ಕ.

ಈ ಅಕ್ಕ ಯಾರ ಲೆಕ್ಕದಲ್ಲಿದ್ದಾಳೆ? ಅವಳ ಊರಿನ ಶಾಲೆಯಲ್ಲಿ ಅವಳು ಗೈರುಹಾಜರಿ. ಇಲ್ಲಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಕಾರ್ಖಾನೆಯ ಲೆಕ್ಕದಲ್ಲಿ ತಂದೆತಾಯಿಯ ಟನ್ನುಗಳಿವೆ, ಮಗಳಿಲ್ಲ. ನಮ್ಮ ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯಲ್ಲಂತೂ ಇಲ್ಲವೇ ಇಲ್ಲ. ಐದಾರು ತಿಂಗಳು ಹೀಗೆ ಕಳೆದು ಬೇಸಿಗೆಯಲ್ಲಿ ಊರಿಗೆ ಮರಳಿದಾಗ ಪಾಠ ಬಹಳ ಮುಂದೆ ಹೋಗಿರುತ್ತದೆ. ಎರಡು ಮೂರು ವರ್ಷ ಹೀಗಾದರೆ ಶಾಲೆಯ ಆಸೆಯೇ ಬತ್ತಿಹೋಗುತ್ತದೆ. ಆಮೇಲೆ ಹುಡುಗನ ಕೈಗೆ ಕೊಯ್ತಾ, ಹುಡುಗಿಗೆ ಬೇಗನೆ ಮದುವೆ.

ಪ್ರಿಯರೇ, ಸಂತ ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ನೆನೆಯೋಣ. ತಮ್ಮಲ್ಲಿ ದೊಡ್ಡವನು ಯಾರೆಂದು ಶಿಷ್ಯರು ದಾರಿಯಲ್ಲಿ ವಾದ ಮಾಡುತ್ತಾ ಬಂದಿದ್ದರು. ಯೇಸುಸ್ವಾಮಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರು, ಅದನ್ನು ಅಪ್ಪಿಕೊಂಡರು, ಇಂಥ ಮಗುವನ್ನು ಬರಮಾಡಿಕೊಳ್ಳುವವರು ತಮ್ಮನ್ನೇ ಬರಮಾಡಿಕೊಳ್ಳುತ್ತಾರೆಂದು ತಿಳಿಸಿದರು. ಆ ಮಗು ಯಾರದು, ಯಾವ ಊರಿನದು, ಯಾವ ಕುಲದ್ದು ಎಂದು ಶುಭಸಂದೇಶ ಹೇಳುವುದಿಲ್ಲ. ಹೆಸರೂ ಇಲ್ಲ. ಅಂಚಿನಲ್ಲಿದ್ದ ಮಗುವನ್ನು ನಡುವಿಗೆ ತಂದದ್ದೇ ಪ್ರಭುವಿನ ಕಾರ್ಯ. ಬಡಮಕ್ಕಳ ಸೇವೆಯೆಂದರೆ ಮೂಲತಃ ಇಷ್ಟೇ.

ಸಂತ ಜಾನ್ ಬೋಸ್ಕೊರವರ ಜೀವನ ಇದಕ್ಕೆ ಬರೆದ ವ್ಯಾಖ್ಯಾನದಂತಿದೆ. 1815ರ ಆಗಸ್ಟ್ 16ರಂದು ಇಟಲಿಯ ಬಡ ರೈತ ಕುಟುಂಬದಲ್ಲಿ ಜನಿಸಿದ ಅವರು 1841ರಲ್ಲಿ ಗುರುಪಟ್ಟ ಪಡೆದು ಟ್ಯೂರಿನ್ ನಗರಕ್ಕೆ ಬಂದರು. ನಗರ ಬೆಳೆಯುತ್ತಿತ್ತು, ಎಲ್ಲೆಡೆ ಕಟ್ಟಡ ಕೆಲಸ. ಹಳ್ಳಿಗಾಡಿನಿಂದ ಹುಡುಗರು ಗಾರೆ ಕೆಲಸ, ಕಲ್ಲು ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಹಂಗಾಮು ಮುಗಿದರೆ ಕೆಲವರು ಊರಿಗೆ, ಕೆಲವರು ಬೀದಿಗೆ, ಕೆಲವರು ಸೆರೆಮನೆಗೆ. ಅದೇ ವರ್ಷದ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಸಂತ ಫ್ರಾನ್ಸಿಸ್ ಅಸಿಸಿಯವರ ದೇವಾಲಯದ ಪೂಜಾವಸ್ತ್ರಗಳ ಕೋಣೆಗೆ ಹುಡುಗನೊಬ್ಬ ಬಂದು ನಿಂತ. ಪೂಜೆಗೆ ನೆರವಾಗಲು ತಿಳಿಯದೆಂದಾಗ ಕೋಣೆಯ ಸೇವಕ ಅವನನ್ನು ಹೊಡೆದು ಓಡಿಸಿದ. ಡಾನ್ ಬೋಸ್ಕೊ ಅವನನ್ನು ತಮ್ಮ ಗೆಳೆಯನೆಂದು ಹೇಳಿ ಮರಳಿ ಕರೆಸಿದರು. ಹೆಸರು ಕೇಳಿದರು. ಬಾರ್ತೊಲೊಮೆಯೊ ಗರೆಲ್ಲಿ. ಹದಿನಾರು ವರ್ಷ. ತಂದೆತಾಯಿ ಇಲ್ಲ, ಓದುಬರಹ ಇಲ್ಲ. ಅಂದು ನಡೆದ ಪಾಠ ಚಿಕ್ಕದು. ಮುಂದಿನ ವಾರ ಗೆಳೆಯರನ್ನೂ ಕರೆದುಕೊಂಡು ಬಾ ಎಂಬ ಆಹ್ವಾನ ದೊಡ್ಡದು. ಡಾನ್ ಬೋಸ್ಕೊರವರ ಯುವಸೇವೆ ಆರಂಭವಾದದ್ದು ಹೀಗೆ: ಹೆಸರು ಕೇಳುವುದರಿಂದ.

ಹುಡುಗರ ಸಂಖ್ಯೆ ಬೆಳೆದಂತೆ ಗದ್ದಲವೂ ಬೆಳೆಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅವರು ಅಲೆಯಬೇಕಾಯಿತು. ಸಮಾಧಿಭೂಮಿಯ ದೇವಾಲಯ, ಹಿಟ್ಟಿನ ಗಿರಣಿಗಳ ಆವರಣ, ಬಾಡಿಗೆ ಕೋಣೆ, ಕೊನೆಗೆ ಬಯಲು ಹೊಲ. ಎಲ್ಲೆಡೆಯೂ ನೆರೆಹೊರೆಯವರ ದೂರು. 1846ರ ಏಪ್ರಿಲ್ 12ರ ಪುನರುತ್ಥಾನದ ಭಾನುವಾರದಂದು ವಾಲ್ಡೊಕ್ಕೊದಲ್ಲಿ ಪಿನಾರ್ಡಿ ಎಂಬವರ ತಗ್ಗು ಸೂರಿನ ಕೊಟ್ಟಿಗೆ ಅವರಿಗೆ ಸ್ಥಿರವಾದ ನೆಲೆಯಾಯಿತು. ಅಲ್ಲಿ ಪ್ರಾರ್ಥನೆ, ಧರ್ಮೋಪದೇಶ, ಅಕ್ಷರಾಭ್ಯಾಸ, ಲೆಕ್ಕ, ಹಾಡು, ಆಟ ಎಲ್ಲವೂ ಒಂದೇ ಅಂಗಳದಲ್ಲಿ ನಡೆದವು. ವಾರದ ದಿನಗಳಲ್ಲಿ ಡಾನ್ ಬೋಸ್ಕೊ ಹುಡುಗರು ದುಡಿಯುವ ಜಾಗಕ್ಕೇ ಹೋಗಿ ಯಜಮಾನರ ಜೊತೆ ಮಾತನಾಡುತ್ತಿದ್ದರು. ಹುಡುಗನನ್ನು ಹೊಡೆಯಬಾರದು, ಕಲಿಯುವ ಕಸುಬಿಗೆ ಸಂಬಂಧಿಸದ ಕೆಲಸ ಹೇರಬಾರದು, ಹಬ್ಬದ ದಿನ ಬಿಡುವು ಕೊಡಬೇಕು ಎಂಬ ಲಿಖಿತ ಕರಾರುಗಳನ್ನು 1850ರ ದಶಕದ ಆರಂಭದಲ್ಲಿಯೇ ಅವರು ಮಾಡಿಸಿದ್ದರು. ದಯೆಯ ಜೊತೆಗೆ ನ್ಯಾಯವೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಇಲ್ಲಿ ನಾವು ಗಮನಿಸಲೇಬೇಕಾದ ಸಂಗತಿಯೊಂದಿದೆ. ಟ್ಯೂರಿನ್ನಿನ ಕೆಲವು ಧರ್ಮಕೇಂದ್ರಗಳ ಗುರುಗಳಿಗೆ ಈ ಕೆಲಸ ಮೊದಮೊದಲು ಹಿಡಿಸಲಿಲ್ಲ. ಹುಡುಗರು ತಮ್ಮ ತಮ್ಮ ಧರ್ಮಕೇಂದ್ರಗಳನ್ನು ಬಿಟ್ಟು ಅಲ್ಲಿಗೆ ಹೋಗುತ್ತಾರೆಂಬುದು ಅವರ ಆತಂಕ. ಈ ಹುಡುಗರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರು, ತಾವು ಯಾವ ಧರ್ಮಕೇಂದ್ರಕ್ಕೆ ಸೇರಿದವರೆಂಬುದೇ ಅವರಿಗೆ ತಿಳಿಯದು ಎಂದು ಡಾನ್ ಬೋಸ್ಕೊ ವಿವರಿಸಿದರು. ಗುರುಗಳು ಕೂಡಿ ಆಲೋಚಿಸಿ, ಪ್ರತಿ ಧರ್ಮಕೇಂದ್ರದಲ್ಲೂ ಇಂಥ ವ್ಯವಸ್ಥೆ ಮಾಡುವುದು ತಮ್ಮಿಂದ ಆಗದೆಂದು ಕಂಡು, ಅವರನ್ನು ಮುಂದುವರಿಯಲು ಪ್ರೋತ್ಸಾಹಿಸಿದರು. ಮಹಾಧರ್ಮಾಧ್ಯಕ್ಷ ಫ್ರಾನ್ಸೋನಿಯವರು ಅದಕ್ಕೆ ಬೆಂಬಲವಾಗಿ ನಿಂತರು. ಹೀಗೆ ಯುವಸೇವೆ ಮತ್ತು ಧರ್ಮಕೇಂದ್ರ ಎದುರುಬದುರಾಗಿ ನಿಲ್ಲದೆ ಜೊತೆಯಾಗಿ ನಿಂತವು. ಯಾರ ಪಟ್ಟಿಯಲ್ಲೂ ಇಲ್ಲದ ಹುಡುಗರಿಗೆ ಒಂದು ಧರ್ಮಕೇಂದ್ರ ಸಿಕ್ಕಿತು.

ತಾಯಂದಿರ ಪಾತ್ರವನ್ನೂ ಮರೆಯಬಾರದು. 1846ರ ನವೆಂಬರಿನಲ್ಲಿ ಡಾನ್ ಬೋಸ್ಕೊರವರ ತಾಯಿ ಮಾರ್ಗರೀಟಾ ಹಳ್ಳಿಯ ಮನೆ ಬಿಟ್ಟು ಮಗನ ಜೊತೆ ಬಂದು ನೆಲೆಸಿದರು. ಮಕ್ಕಳಿಗೆ ಅಡಿಗೆ ಮಾಡಿದರು, ಹರಿದ ಬಟ್ಟೆ ಹೊಲಿದರು, ತಮ್ಮ ಮದುವೆಯ ವಸ್ತ್ರಗಳನ್ನೂ ಈ ಸೇವೆಗೆ ಕೊಟ್ಟರು. ಇನ್ನು 1854ರಲ್ಲಿ ಟ್ಯೂರಿನ್ನಿಗೆ ಕಾಲರಾ ಬಂದಾಗ ರೋಗಿಗಳ ಆರೈಕೆಗೆ ಮುಂದೆ ಬಂದವರಲ್ಲಿ ಡಾನ್ ಬೋಸ್ಕೊರವರ ಹುಡುಗರೂ ಇದ್ದರು. ನಿನ್ನೆ ಅನ್ನ ಪಡೆದವರು ಇಂದು ಸೇವೆಗೆ ನಿಂತರು. ಬಡ ಮಗುವಿನ ಕೈ ಪಡೆಯುವುದಕ್ಕೆ ಮಾತ್ರ ಇರುವ ಕೈಯಲ್ಲ. ಐದು ರೊಟ್ಟಿ, ಎರಡು ಮೀನು ಕೊಟ್ಟ ಬಾಲಕನನ್ನು ಸಂತ ಯೊವಾನ್ನನ ಶುಭಸಂದೇಶದಲ್ಲಿ ನಾವು ಓದುತ್ತೇವಲ್ಲವೇ?

ಇದೆಲ್ಲ ದೂರದ ಇಟಲಿಯ ಹಳೆಯ ಕಥೆ ಎನ್ನುವವರಿಗೆ ನಮ್ಮ ರಾಜಧಾನಿಯಲ್ಲೇ ಉತ್ತರವಿದೆ. 1980ರಲ್ಲಿ ಬೆಂಗಳೂರಿನಲ್ಲಿ ಗುರುಪಟ್ಟಕ್ಕೆ ಸಿದ್ಧರಾಗುತ್ತಿದ್ದ ಸಲೇಶಿಯನ್ ಸಭೆಯ ಕೆಲವು ಯುವಕರು, ಮನೆ ಬಿಟ್ಟು ಬಂದು ಬೀದಿಯಲ್ಲಿ ಬದುಕುತ್ತಿದ್ದ ಮಕ್ಕಳನ್ನು ಅವರಿದ್ದಲ್ಲಿಗೇ ಹೋಗಿ ಮಾತನಾಡಿಸತೊಡಗಿದರು. ಚಿಂದಿ ಆಯುವವರು, ರೈಲು ನಿಲ್ದಾಣದಲ್ಲಿ ಮಲಗುವವರು ಅವರ ಗೆಳೆಯರಾದರು. ಕೈಯಲ್ಲಿ ದೊಡ್ಡ ಕಟ್ಟಡವಿರಲಿಲ್ಲ, ಬಿಡುವಿನ ವೇಳೆಯಿತ್ತು. ಆ ಗೆಳೆತನವೇ ಬೆಳೆದು ‘ಬೆಂಗಳೂರು ಓಣಿಯವರ ಸೇವಾ ಕೂಟ’ವಾಯಿತು. ಅದನ್ನೇ ಜನರು ಬಾಸ್ಕೊ ಎಂದು ಕರೆಯುತ್ತಾರೆ. ಹೆಸರನ್ನು ಗಮನಿಸಿರಿ. ಅನಾಥರು, ಭಿಕ್ಷುಕರು ಎನ್ನದೆ ‘ಓಣಿಯವರು’ ಎಂದರು. ಓಣಿ ನಮ್ಮ ಉತ್ತರ ಕರ್ನಾಟಕದ ಮನೆಮಾತು. ಓಣಿಯವರೆಂದರೆ ನೆರೆಯವರು, ನಮ್ಮವರು. ಇಂದು ಆ ಕೂಟಕ್ಕೆ ಆಶ್ರಯಧಾಮಗಳಿವೆ, ತರಬೇತಿ ಕೇಂದ್ರಗಳಿವೆ. ಅವೆಲ್ಲಕ್ಕೂ ಮೊದಲು ಇದ್ದದ್ದು ಓಣಿಗೆ ಹೋದ ಕಾಲುಗಳು.

ಹಾಗಾದರೆ ನಮ್ಮ ಸೀಮೆಯಲ್ಲಿ ಏನು ಮಾಡಬಹುದು? ಮೊದಲನೆಯದಾಗಿ, ಯುವಜನರ ಪಾಲು. ಈ ಗಡಿನಾಡಿನ ನಮ್ಮ ಯುವಕ ಯುವತಿಯರು ಕನ್ನಡ, ಮರಾಠಿ ಎರಡನ್ನೂ ಬಲ್ಲರು. ಇದು ದೇವರು ಕೊಟ್ಟ ವರ. ಕಬ್ಬಿನ ಜೋಪಡಿಯ ಮಗುವಿಗೆ ತನ್ನ ಭಾಷೆಯಲ್ಲಿ ಮಾತನಾಡಿಸುವವರು ಸಿಕ್ಕರೆ ಅರ್ಧ ಭಯ ಹೋಗುತ್ತದೆ. ವಾರಕ್ಕೆ ಎರಡು ಸಂಜೆ, ಮೂರು ನಾಲ್ಕು ಜನ ಕೂಡಿ, ಒಂದು ಚೆಂಡು, ಕೆಲವು ಪಾಟಿ ಬಳಪ ಹಿಡಿದು ಹೋದರೆ ಸಾಕು. ಕ್ರಿಸ್‌ಮಸ್ ದಿನ ಒಮ್ಮೆ ಹೋಗಿ ಕಂಬಳಿ ಕೊಟ್ಟು ಫೋಟೊ ತೆಗೆಸಿಕೊಂಡು ಬರುವುದಕ್ಕಿಂತ, ಹಂಗಾಮು ಮುಗಿಯುವವರೆಗೆ ತಪ್ಪದೆ ಹೋಗುವುದು ಕಠಿಣ. ಮಗುವಿಗೆ ಬೇಕಾದದ್ದು ಅದೇ.

ಎರಡನೆಯದು, ಧರ್ಮಕೇಂದ್ರದ ಪಾಲು. ಯುವಜನರು ಓದಿಗೆ, ನೌಕರಿಗೆ, ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಅವರ ಉತ್ಸಾಹ ನಿಜವಾದದ್ದು, ಆದರೆ ಅವರು ಇಲ್ಲೇ ಉಳಿಯುವವರಲ್ಲ. ದೇವಾಲಯ ಉಳಿಯುತ್ತದೆ. ಆದ್ದರಿಂದ ಕೂಡಲು ಜಾಗ, ವರ್ಷದಿಂದ ವರ್ಷಕ್ಕೆ ಬರೆದಿಡುವ ಮಕ್ಕಳ ಹೆಸರಿನ ಪುಸ್ತಕ, ಹಣದ ಲೆಕ್ಕ, ಹಿರಿಯರ ಮೇಲ್ವಿಚಾರಣೆ – ಇವು ಧರ್ಮಕೇಂದ್ರದ ಹೊಣೆ. ಅಕ್ಕಪಕ್ಕದ ಬೇರೆ ಸಭೆಗಳ ಕ್ರೈಸ್ತ ಯುವಕರೂ, ಅನ್ಯಧರ್ಮೀಯ ಗೆಳೆಯರೂ ಕೈಜೋಡಿಸಿದರೆ ಸಂತೋಷದಿಂದ ಸೇರಿಸಿಕೊಳ್ಳೋಣ. ಈ ಸೇವೆಗೆ ಪ್ರತಿಯಾಗಿ ಏನನ್ನೂ ಕೇಳಬಾರದು, ಧರ್ಮವನ್ನೂ ಕೇಳಬಾರದು. ಮಗುವನ್ನು ಅಪ್ಪಿಕೊಂಡ ಪ್ರಭು ಅದಕ್ಕೆ ಯಾವ ಷರತ್ತನ್ನೂ ಹಾಕಲಿಲ್ಲ.

ಮೂರನೆಯದು, ಮಗುವಿನ ಹಕ್ಕು. ನಮ್ಮ ಸಂಜೆಯ ಪಾಠ ಶಾಲೆಗೆ ಬದಲಿಯಲ್ಲ, ಶಾಲೆಯ ಬಾಗಿಲಿಗೆ ದಾರಿ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ಮರಳಿ ಕಳಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದೂ ನಿರಾಕರಿಸುವಂತಿಲ್ಲ. ಇದು ಜೋಪಡಿಯ ತಂದೆತಾಯಿಗೆ ಗೊತ್ತಿರುವುದಿಲ್ಲ. ನಮ್ಮ ಯುವಕರು ಅವರ ಜೊತೆ ಮುಖ್ಯ ಗುರುಗಳ ಬಳಿಗೆ ಹೋಗಿ ನಿಂತರೆ ಅದೇ ದೊಡ್ಡ ಸೇವೆ. ಚಿಕ್ಕವರಿಗೆ ಅಂಗನವಾಡಿಯಲ್ಲಿ ಜಾಗ ಕೇಳಬಹುದು. ಹಂಗಾಮು ಮುಗಿದು ಹೊರಡುವಾಗ, ಈ ಮಗು ಇಷ್ಟು ಕಲಿತಿದೆ ಎಂದು ಇಲ್ಲಿಯ ಶಾಲೆಯಿಂದ ಬರೆಸಿಕೊಟ್ಟ ಒಂದು ಹಾಳೆ ಅವಳ ಊರಿನ ಶಾಲೆಯಲ್ಲಿ ಅವಳ ಪರವಾಗಿ ಮಾತನಾಡುತ್ತದೆ.

ಜೊತೆಗೆ ಕೆಲವು ಎಚ್ಚರಿಕೆಗಳು. ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಎಲ್ಲಿಗೂ ಕರೆದೊಯ್ಯಬಾರದು. ಯಾವ ಸ್ವಯಂಸೇವಕನೂ ಮಗುವಿನೊಂದಿಗೆ ಒಬ್ಬನೇ ಇರಬಾರದು. ಮಕ್ಕಳನ್ನು ಇರಿಸಿಕೊಂಡು ಸಾಕುವ ಸಂಸ್ಥೆಗೆ 2015ರ ಬಾಲನ್ಯಾಯ ಕಾಯಿದೆಯಡಿ ನೋಂದಣಿ ಬೇಕು. ಹಾಗಾಗಿ ಕರುಣೆಯಿಂದಲಾದರೂ ನಾವೇ ಆಶ್ರಮ ತೆರೆಯುವಂತಿಲ್ಲ. ಆಶ್ರಯ ಬೇಕಾದ ಮಗುವಿನ ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಮುಚ್ಚಿಡದೆ ದೂರು ಕೊಡುವುದು 2012ರ ಪೋಕ್ಸೊ ಕಾಯಿದೆಯ ಪ್ರಕಾರ ಪ್ರತಿಯೊಬ್ಬರ ಕರ್ತವ್ಯ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮಕ್ಕಳ ಸಹಾಯವಾಣಿ 1098ನ್ನು ಈಗ ಸರ್ಕಾರವೇ ನಡೆಸುತ್ತಿದೆ. ಈ ನಾಲ್ಕು ಅಂಕಿಗಳನ್ನು ನಮ್ಮ ಯುವಜನರೆಲ್ಲರೂ ಬಾಯಿಪಾಠ ಮಾಡಿಕೊಳ್ಳಲಿ.

ಪ್ರಿಯರೇ, ನಮ್ಮ ಮನೆಯ ಚಹಾದಲ್ಲಿ ಕರಗುವ ಸಕ್ಕರೆಯ ಹಿಂದೆ ಒಂದು ಮಗುವಿನ ಶಾಲಾ ದಿನಗಳು ಕರಗಿಹೋಗಿರಬಹುದು. ಅದನ್ನು ತಿಳಿದು ಸಕ್ಕರೆ ಬಿಡಬೇಕಾಗಿಲ್ಲ, ಮಗುವನ್ನು ಬಿಡಬಾರದು. ಈ ವರ್ಷದ ಹಬ್ಬದ ದಿನ ದಿವ್ಯ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಕ ಯುವತಿಯರು ಹತ್ತಿರದ ಜೋಪಡಿಗಳಿಗೆ ಹೋಗಿ ಮಕ್ಕಳ ಹೆಸರು ಕೇಳಿ ಬರೆದುಕೊಂಡು ಬರಲಿ. ಆ ಹೆಸರುಗಳನ್ನು ಮುಂದಿನ ಭಾನುವಾರ ಪೂಜಾಪೀಠದ ಮೇಲಿಟ್ಟು ನಾವೆಲ್ಲರೂ ಪ್ರಾರ್ಥಿಸೋಣ. ಸೋಮವಾರ ಅದೇ ಪಟ್ಟಿಯನ್ನು ಹಿಡಿದು ಶಾಲೆಗೆ ಹೋಗೋಣ.

ಸಂತ ಜಾನ್ ಬೋಸ್ಕೊರವರೇ, ನಮಗಾಗಿಯೂ ನಮ್ಮ ಹೊಲಗಳ ಅಂಚಿನಲ್ಲಿರುವ ಮಕ್ಕಳಿಗಾಗಿಯೂ ಪ್ರಾರ್ಥಿಸಿರಿ. ಆಮೆನ್.