ನಿಮಗಿದು ಗೊತ್ತೆ? ಬೋನ್ಸಾಯ್ ಮೇಪಲ್‌ನ ಎಲೆ ಕರಟುವುದೇಕೆ?

ಜಪಾನಿ ಮೇಪಲ್ ಬೋನ್ಸಾಯ್‌ನ ಎಲೆತುದಿ ಕಂದಾಗಿ ಕರಟಿದರೆ ಬಹುಪಾಲು ಅದು ರೋಗವಲ್ಲ. ಬಿಸಿಲು, ಒಣಗಾಳಿಗೆ ಎಲೆ ಕಳೆದುಕೊಳ್ಳುವಷ್ಟು ನೀರನ್ನು ತಟ್ಟೆಯಂಥ ಕುಂಡದಲ್ಲಿರುವ ಬೇರು ಒದಗಿಸಲಾರದು. ಉಷ್ಣಾಂಶ 35 ಡಿಗ್ರಿ ದಾಟುವ ಜಪಾನಿನ ಬೇಸಿಗೆಯಲ್ಲಿ ಬೆಳೆಗಾರರು ಶೇಡ್‌ನೆಟ್ ಕಟ್ಟುವುದು ಇದಕ್ಕೇ.

ತಮಾಷೆಯೆಂದರೆ, ನೀರು ಅತಿಯಾದರೂ ಇದೇ ಲಕ್ಷಣ! ಕೊಳೆತ ಬೇರು ನೀರು ಹೀರುವುದಿಲ್ಲ. ಹಾಗಾಗಿ ನೀರು ಹಾಕುವ ಮುನ್ನ ಮಣ್ಣಿಗೆ ಬೆರಳಿಟ್ಟು ನೋಡಬೇಕು. ಬೇರು ಕಪ್ಪಾಗಿ, ಮೆತ್ತಗಾಗಿ ನಾರುತ್ತಿದ್ದರೆ ಕೊಳೆತದ್ದನ್ನು ಕತ್ತರಿಸಿ, ನೀರು ಚೆನ್ನಾಗಿ ಬಸಿಯುವ ಹರಳು ಮಣ್ಣಿಗೆ ಗಿಡವನ್ನು ಬದಲಿಸುತ್ತಾರೆ.

ಚಿಗುರೆಲೆ ಹಳದಿ, ನರ ಮಾತ್ರ ಹಸಿರೇ? ಕ್ಷಾರದ ನೀರಿನಿಂದ ಕಬ್ಬಿಣಾಂಶ ಸಿಗದಿರಬಹುದು, ಮಳೆನೀರು ವಾಸಿ.

ಒಂದೇ ಕೊಂಬೆ ದಿಢೀರನೆ ಬಾಡಿ, ಕತ್ತರಿಸಿದಾಗ ಒಳಗೆ ಕಪ್ಪು ಗೆರೆ ಕಂಡರೆ ವರ್ಟಿಸಿಲಿಯಂ ಶಿಲೀಂಧ್ರದ ಶಂಕೆ. ಅದಕ್ಕೆ ಔಷಧವಿಲ್ಲ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಪಕ್ಕದ ಗಿಡಕ್ಕೆ ತಾಗಿಸುವಂತಿಲ್ಲ.