ನರಸಾಪುರ ಕೆರೆಯ ಹಸಿರು ಎಷ್ಟು?

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿದು ನರಸಾಪುರದ ಕೆರೆಯನ್ನೂ ತುಂಬಿಸಿತು. ಒಣಗಿದ್ದ ಕೆರೆಯಂಗಳದಲ್ಲಿ ನೀರು ನಿಂತದ್ದು ಕೋಲಾರ ಸೀಮೆಗೆ ಸಣ್ಣ ಮಾತಲ್ಲ. ಆದರೆ ಇದು ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಬಿಟ್ಟ ನೀರು. ಆ ಹಂತದಲ್ಲಿ ಕೊಳೆ ಬಹುಪಾಲು ಹೋದರೂ ಸಾರಜನಕ, ರಂಜಕಗಳು ಸಾಕಷ್ಟು ಉಳಿದಿರುತ್ತವೆ. ಹೊಲಕ್ಕೆ ಗೊಬ್ಬರವಾಗುವ ಇವೇ ಪಾಚಿಗೂ ಮೇವು. ಇಂಥ ಕೆರೆಗಳಲ್ಲಿ ಪಾಚಿಯನ್ನು ವರ್ಷವಿಡೀ ಅಳೆಯಲೇಬೇಕು. ಏಕೆಂದರೆ ನೀಲಿಹಸಿರು ಪಾಚಿಯ ಕೆಲವು ಜಾತಿಗಳು ವಿಷ ಬಿಡುತ್ತವೆ. ಅದೇ ಕೆರೆಯಲ್ಲಿ ದನಕರುಗಳು ನೀರು ಕುಡಿಯುತ್ತವೆ.

ಹೀಗೆ ಅಳೆಯಲು ನೀರಿಗಿಳಿಸುವ ಸೆನ್ಸರ್ ಪಾಚಿಯನ್ನು ಎಣಿಸುವುದಿಲ್ಲ. ಸುಮಾರು 470 ನ್ಯಾನೊಮೀಟರಿನ ನೀಲಿ ಬೆಳಕು ಬಿಡುತ್ತದೆ. ಪಾಚಿಯೊಳಗಿನ ಪತ್ರಹರಿತ್ತು ಅದನ್ನು ಹೀರಿ, 685ರ ಆಸುಪಾಸಿನ ಕೆಂಪು ಬೆಳಕನ್ನು ಹೊರಸೂಸುತ್ತದೆ. ಸೆನ್ಸರ್‌ಗೆ ಸಿಗುವುದು ಆ ಕೆಂಪು ಮಿನುಗಷ್ಟೇ. ನೀಲಿಹಸಿರು ಪಾಚಿ ಈ ನೀಲಿ ಬೆಳಕಿಗೆ ಅಷ್ಟಾಗಿ ಮಿನುಗದು; ಅದರಲ್ಲಿರುವ ಫೈಕೊಸಯನಿನ್ ಎಂಬ ಬಣ್ಣವನ್ನು ಹಿಡಿಯಲು ಕಿತ್ತಳೆ ಬೆಳಕಿನ ಇನ್ನೊಂದು ಸೆನ್ಸರ್ ಬೇಕು.

ಮಿನುಗನ್ನು ಅಂಕಿಯಾಗಿಸುವುದೇ ಕ್ಯಾಲಿಬ್ರೇಷನ್. ಶುದ್ಧ ನೀರಿನಲ್ಲಿಟ್ಟು ಸೊನ್ನೆ ಹೊಂದಿಸುತ್ತಾರೆ. ಆಮೇಲೆ ರೋಡಮೈನ್ ಡಬ್ಲ್ಯೂಟಿ ಎಂಬ ಕೆಂಪು ಬಣ್ಣದ ದ್ರಾವಣದಲ್ಲಿ ಅದ್ದುತ್ತಾರೆ. ವೈಎಸ್‌ಐ ಕಂಪನಿಯ ಎಕ್ಸೊ ಸೆನ್ಸರ್‌ಗೆ, ಲೀಟರಿಗೆ 0.625 ಮಿಲಿಗ್ರಾಂ ಬಣ್ಣವಿರುವ ದ್ರಾವಣವು 22 ಡಿಗ್ರಿಯಲ್ಲಿ ಲೀಟರಿಗೆ 66 ಮೈಕ್ರೋಗ್ರಾಂ ಪತ್ರಹರಿತ್ತಿಗೆ ಸಮ. ದ್ರಾವಣ ಬಿಸಿಯಾದಷ್ಟೂ ಮಿನುಗು ತಗ್ಗುತ್ತದೆ. ಹಾಗಾಗಿ ಏಪ್ರಿಲ್ ಬಿಸಿಲಿನಲ್ಲಿ ಕಟ್ಟೆಯ ಮೇಲೆ ನಿಂತು ಈ ಕೆಲಸ ಮಾಡುವವರು ದ್ರಾವಣದ ಉಷ್ಣತೆ ನೋಡಿ, ಕಂಪನಿಯ ಕೋಷ್ಟಕದಲ್ಲಿ ಅದಕ್ಕೆ ಹೊಂದುವ ಅಂಕಿಯನ್ನೇ ಸೆನ್ಸರಿಗೆ ಕೊಡಬೇಕು.

ಇಷ್ಟಕ್ಕೇ ನಿಲ್ಲಿಸುವವರು ಬಹಳ. ಅದು ಸಾಲದು. ರೋಡಮೈನ್ ಪಾಚಿಯಲ್ಲ, ಸೆನ್ಸರನ್ನು ಒಂದೇ ನೆಲೆಯಲ್ಲಿ ಇಡುವ ಬಣ್ಣ, ಅಷ್ಟೆ. ನರಸಾಪುರದ ಪಾಚಿಯ ಲೆಕ್ಕ ಆ ಕೆರೆಯ ನೀರಿನಿಂದಲೇ ಬರಬೇಕು. ಸೆನ್ಸರ್ ಓದಿದ ಹೊತ್ತಿಗೇ, ಅದೇ ಆಳದಿಂದ ಬಾಟಲಿ ತುಂಬಿ, ಬೆಳಕು ತಾಗದಂತೆ ಐಸ್‌ಪೆಟ್ಟಿಗೆಯಲ್ಲಿ ಲ್ಯಾಬಿಗೆ ಒಯ್ಯಬೇಕು. ಗಾಜಿನ ನಾರಿನ ಫಿಲ್ಟರಿನಲ್ಲಿ ಸೋಸಿದರೆ ಬಿಳಿ ಬಿಲ್ಲೆಯ ಮೇಲೆ ಹಸಿರು ಉಳಿಯುತ್ತದೆ. ಅದನ್ನು ಶೇ. 90ರ ಅಸಿಟೋನಿನಲ್ಲಿ ಅರೆದು, ಕತ್ತಲಲ್ಲಿ ತಣ್ಣಗಿಟ್ಟು, ದ್ರವಕ್ಕಿಳಿದ ಹಸಿರನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆಯುತ್ತಾರೆ. ನೀರು ತಿಳಿಯಿದ್ದಾಗ, ಗಾಢ ಹಸಿರಾದಾಗ, ಮಳೆಗೆ ಕೆಂಪಾದಾಗ ಹೀಗೆ ಮಾಡಿ ಸೆನ್ಸರಿನ ಅಂಕಿಯ ಎದುರು ಲ್ಯಾಬಿನ ಅಂಕಿ ಬರೆದರೆ ಈ ಕೆರೆಯ ಸೂತ್ರ ಸಿಗುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಕರಗಿದ ಸಾವಯವ ವಸ್ತುಗಳೂ ತಾವೇ ಮಿನುಗುವುದರಿಂದ ಇಲ್ಲಿ ಇದು ಇನ್ನೂ ಅಗತ್ಯ.

ಹೊತ್ತೂ ಮುಖ್ಯ. ನಡುಹಗಲ ಬಿಸಿಲಿಗೆ ಪಾಚಿ ತನ್ನ ಮಿನುಗನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪಾಚಿ ಅಷ್ಟೇ ಇದ್ದರೂ ರೀಡಿಂಗ್ ಇಳಿಯುತ್ತದೆ. ಹೋಲಿಕೆಗೆ ನಂಬಬೇಕಾದದ್ದು ಬೆಳಗಾಗುವ ಮುಂಚಿನ ಅಂಕಿ.

ಸೆನ್ಸರಿನ ಕಣ್ಣಿಗೆ ಲೋಳೆ ಕಟ್ಟುತ್ತದೆ. ಒರೆಸುವ ಮುಂಚೆ ಒಮ್ಮೆ, ಒರೆಸಿದ ಮೇಲೆ ಒಮ್ಮೆ, ಒಂದೇ ಬಕೆಟ್ ನೀರಿನಲ್ಲಿಟ್ಟು ರೀಡಿಂಗ್ ಬರೆದುಕೊಂಡರೆ, ಹಿಂದಿನ ದಿನಗಳ ಅಂಕಿಗಳನ್ನು ಆ ವ್ಯತ್ಯಾಸದಿಂದ ತಿದ್ದಿಕೊಳ್ಳಬಹುದು.